ಉಡಿಯ ಜೋಳಕ್ಕೆ ಮಾಲೀಕರನ್ನು ಹುಡುಕುತ್ತಿರುವ ಸಾಹೇಬರಿಗೆ

ಮಾನ್ಯ ಧಾನ್ಯ ತಪಾಸಣಾ ಅಧಿಕಾರಿಗಳೇ,

ಬರುವ ಸೋಮವಾರ ನೀವು ಹರಾಜಿಗಿಟ್ಟಿರುವ ಜೋಳ ಯಾವ ಸಾಹುಕಾರನ ಕಳ್ಳ ದಾಸ್ತಾನೂ ಅಲ್ಲ. ಬಿರುಗಾಳಿಗೆ ಹಾರಿಹೋದ ನಮ್ಮ ಶಿಶುವಿಹಾರದ ಚಾವಣಿಯನ್ನು ಮತ್ತೆ ಹೊದಿಸುವುದಕ್ಕೆಂದು ನಮ್ಮೂರ ಹೆಂಗಸರು ಮನೆಮನೆಯ ಹೊಸ್ತಿಲ ಮುಂದೆ ಸೆರಗೊಡ್ಡಿ ತಂದ ಉಡಿಯ ಜೋಳ ಅದು. ಈ ಮಾತನ್ನು ನಿಮ್ಮ ಮೇಜಿನೆದುರು ನಿಂತು ಬಾಯಿ ನೋಯುವಷ್ಟು ಹೇಳಿದ್ದೇನೆ. ನೀವು ಕಡತದಿಂದ ತಲೆ ಎತ್ತಲಿಲ್ಲ. ಎದುರಿಗೆ ನಿಂತು ಆಡಿದ ಮಾತು ಕಿವಿಗೆ ಬೀಳದಿದ್ದರೆ ಪತ್ರಿಕೆಯಲ್ಲಿ ಅಚ್ಚಾದದ್ದಾದರೂ ಕಣ್ಣಿಗೆ ಬಿದ್ದೀತು ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಪತ್ರಿಕೆ ತಪ್ಪದೆ ಬರುತ್ತದೆ. ಹೊರಗಿನ ಬೆಂಚಿನ ಮೇಲೆ ಕಾದು ಕೂತಾಗ, ನೀವು ಅದನ್ನು ಹಾಸಿಕೊಂಡು ಮಿರ್ಚಿ ಮಂಡಕ್ಕಿ ತಿನ್ನುವುದನ್ನು ಕಂಡಿದ್ದೇನೆ. ಎಣ್ಣೆ ಹತ್ತುವ ಮೊದಲು ಇದೊಂದನ್ನು ಓದಿಬಿಡಿ.

ನಾನು ಯಾರೆಂದು ನಿಮಗೆ ಹೇಳಿ ಪ್ರಯೋಜನವಿಲ್ಲ, ಓದುಗರಿಗೆ ಹೇಳುತ್ತೇನೆ. ನನ್ನ ಹೆಸರು ಹುಲಗೆಮ್ಮ. ಏಳನೇ ಇಯತ್ತೆಯವರೆಗೆ ಓದಿದವಳು. ತಾವರಗೇರಾದಿಂದ ಎರಡು ಹರದಾರಿ ದೂರದ ನಮ್ಮೂರಿನಲ್ಲಿ ಮಹಿಳಾ ಮಂಡಳ ನಡೆಸುವ ಶಿಶುವಿಹಾರವನ್ನು ನೋಡಿಕೊಳ್ಳುತ್ತೇನೆ. ಊರವರು ಅಕ್ಕೋರು ಅನ್ನುತ್ತಾರೆ. ಕೂಲಿಗೆ ಹೋಗುವ ತಾಯಂದಿರು ಬುತ್ತಿ ಕಟ್ಟಿಕೊಂಡು ಹೊಲದ ದಾರಿ ಹಿಡಿಯುವ ಮೊದಲು ತಮ್ಮ ಕೂಸುಗಳನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಾರೆ. ಹೊತ್ತು ಮುಳುಗುವಾಗ ಬಂದು ಕರೆದೊಯ್ಯುತ್ತಾರೆ. ಇಷ್ಟೇ ನಮ್ಮ ಸಂಸ್ಥೆ. ಹೇಳಿಕೊಳ್ಳುವಂಥ ಬೋರ್ಡೂ ಇಲ್ಲ. ಆದರೆ ಅದರ ಗೋಡೆಯ ಒಂದೊಂದು ಕಲ್ಲನ್ನೂ ಆ ತಾಯಂದಿರೇ ಹಳ್ಳದಿಂದ ತಲೆಯ ಮೇಲೆ ಹೊತ್ತು ತಂದಿದ್ದಾರೆ. ಅದಿರುವುದರಿಂದ ಅವರಿಗೆ ಕೂಲಿ ಇದೆ, ಕೂಲಿ ಇರುವುದರಿಂದ ಒಲೆ ಹೊತ್ತುತ್ತದೆ.

ಬಸವ ಜಯಂತಿ ಕಳೆದ ಮರುವಾರ, ಇಳಿಹೊತ್ತಿನಲ್ಲಿ ಆಣೆಕಲ್ಲಿನ ಮಳೆಯೊಂದಿಗೆ ಬಂದ ಗಾಳಿ ಆ ಕಟ್ಟಡದ ತಗಡುಗಳನ್ನು ಕಿತ್ತುಕೊಂಡು ಹೋಯಿತು. ಒಂದು ತಗಡು ಬೇವಿನ ಮರದಲ್ಲಿ ಸಿಕ್ಕಿಕೊಂಡಿತ್ತು, ಉಳಿದವು ಮುದುಡಿ ಹೊಲದಲ್ಲಿ ಬಿದ್ದಿದ್ದವು. ತೊಲೆ ಮುರಿದು ಒಂದು ಮೂಲೆಯ ಗೋಡೆಯೂ ಕುಸಿಯಿತು. ಅಂದು ರಜೆಯಿದ್ದದ್ದರಿಂದ ಮಕ್ಕಳು ಉಳಿದವು. ಪರಿಹಾರಕ್ಕೆ ಅರ್ಜಿ ಹಿಡಿದು ಹೋದರೆ ಸರ್ಕಾರದ ಫಾರಮ್ಮಿನಲ್ಲಿ ಎರಡೇ ಖಾನೆಗಳಿದ್ದವು: ಖಾಸಗಿ ಮನೆ, ಸರ್ಕಾರಿ ಕಟ್ಟಡ. ನಮ್ಮದು ಖಾಸಗಿಯಲ್ಲ, ಸರ್ಕಾರದ್ದೂ ಅಲ್ಲ, ಊರಿನದು ಅಂದೆ. ಅಲ್ಲಿದ್ದವರು, ಹಾಗಾದರೆ ಊರನ್ನೇ ಕೇಳಿಕೊಳ್ಳಿ ಅಂದರು. ಒಳ್ಳೆಯ ಬುದ್ಧಿಮಾತು. ಅದೇ ಗಾಳಿಗೆ ನಿಮ್ಮ ಕಚೇರಿಯ ಜೀಪಿನ ಶೆಡ್ಡಿನ ತಗಡೂ ಹಾರಿತ್ತು, ಅದು ವಾರದೊಳಗೆ ಹೊಸದಾಯಿತು. ನಮಗೆ ಹೊಟ್ಟೆಕಿಚ್ಚಿಲ್ಲ ಸ್ವಾಮಿ. ಮಕ್ಕಳು ನೆನೆದರೆ ಒರೆಸಬಹುದು, ಜೀಪಿಗೆ ನೆಗಡಿಯಾದರೆ ಆಡಳಿತದ ಗತಿಯೇನು?

ಊರನ್ನೇ ಕೇಳಿ ಅಂದರಲ್ಲ, ಕೇಳಿದೆವು. ನಮ್ಮಲ್ಲಿ ಯಾರದಾದರೂ ಮನೆ ಸುಟ್ಟರೆ, ಗೋಡೆ ಬಿದ್ದರೆ ಊರ ಹೆಂಗಸರು ಅವರ ಪರವಾಗಿ ಉಡಿ ಒಡ್ಡುವ ಪದ್ಧತಿಯಿದೆ. ಉಡಿ ಒಡ್ಡಿದವಳು ಹೊಸ್ತಿಲ ಹೊರಗೆ ನಿಲ್ಲುತ್ತಾಳೆ. ಮನೆಯ ಹೆಣ್ಣುಮಗಳು ಒಳಗಿನಿಂದ ಜೋಳ ತಂದು ಬೊಗಸೆಯಲ್ಲೇ ಸುರಿಯುತ್ತಾಳೆ. ಸುರಿಯುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆಯೇ ಹೊರತು ಉಡಿಯತ್ತ ಕಣ್ಣು ಹಾಯಿಸುವುದಿಲ್ಲ. ಸೇರು, ಪಾವು ಮುಟ್ಟುವಂತಿಲ್ಲ. ಯಾರು ಎಷ್ಟು ಕೊಟ್ಟರೆಂದು ಕೇಳುವಂತಿಲ್ಲ, ಹೇಳುವಂತಿಲ್ಲ. ಎಲ್ಲ ಉಡಿಯನ್ನೂ ಒಂದೇ ರಾಶಿಗೆ ಸುರಿದು, ಅಳೆಯದೆ ಚೀಲಕ್ಕೆ ತುಂಬಬೇಕು. ಆಮೇಲೆ ಸಂತೆಯಲ್ಲಿ ವ್ಯಾಪಾರಿ ತೂಗಿಕೊಳ್ಳುತ್ತಾನೆ, ಅದು ಅವನ ದಂಧೆ. ಅಲ್ಲಿಯವರೆಗೆ ತೂಕದ ಮಾತಿಲ್ಲ. ಊರಿನ ಸೂಲಗಿತ್ತಿ ದುರಗಮ್ಮ ಉಡಿಗೆ ಹೊರಟಾಗಲೆಲ್ಲ ಇದನ್ನೇ ಹೇಳಿ ಕಳಿಸುತ್ತಾಳೆ: “ಉಡ್ಯಾಗ ಬಂದದ್ದು ಅಳೀಬಾರದವ್ವ. ಅಳದ್ರ ಅದು ಸಂತಿ ಜೋಳ ಆಗ್ತೈತಿ, ಕೊಟ್ಟಾಕಿ ಸಣ್ಣಾಕಿ ಆಗ್ತಾಳ.”

ಇದನ್ನು ಮೂಢನಂಬಿಕೆ ಎಂದು ನೀವು ನಕ್ಕಿರಿ. ನಗುವ ಮೊದಲು ಸ್ವಲ್ಪ ಯೋಚಿಸಬೇಕಿತ್ತು. ಕಾಳಿನ ಗುಮ್ಮಿಯ ತಳ ಕೆರೆದು ಒಂದೇ ಬೊಗಸೆ ತಂದವಳೂ, ನೆಲದೊಳಗಿನ ಹಗೇವು ತೆಗೆಸಿ ಬುಟ್ಟಿಗಟ್ಟಲೆ ಸುರಿದವಳೂ ನಾಳೆ ಬಾವಿಯ ಕಟ್ಟೆಯ ಮೇಲೆ ಸರಿಸಮ ನಿಂತು ನೀರು ಸೇದಬೇಕು. ಅಳತೆಯ ಮಾತು ಬಂದರೆ ಒಬ್ಬಳು ತಲೆ ತಗ್ಗಿಸುತ್ತಾಳೆ, ಇನ್ನೊಬ್ಬಳು ಸೆಟೆದು ನಿಲ್ಲುತ್ತಾಳೆ, ಮುಂದಿನ ಸಲ ಯಾರೂ ಉಡಿ ತುಂಬುವುದಿಲ್ಲ. ಯಾರದೋ ಮಾನ ಉಳಿಸುವುದಕ್ಕೆ ನಮ್ಮ ಅಜ್ಜಿಯರು ಕಟ್ಟಿದ ಕಾಯಿದೆ ಇದು. ನಿಮ್ಮ ಕಾಯಿದೆ ಯಾರ ಮಾನ ಉಳಿಸುತ್ತದೆ?

ಕಾರಹುಣ್ಣಿಮೆಗೆ ಮೊದಲು ನಮ್ಮ ಜೋಳವನ್ನು ನಮ್ಮೂರ ಓಬಳೆಪ್ಪನ ಎತ್ತಿನ ಚಕ್ಕಡಿಯಲ್ಲಿ ಹೇರಿಕೊಂಡು ತಾವರಗೇರಾದ ಸಂತೆಗೆ ಹೊರಟೆವು. ಮಾರಿ, ತಗಡು ಮತ್ತು ಒಂದು ತೊಲೆ ತರುವುದೆಂದು ಮಾತಾಗಿತ್ತು. ಓಬಳೆಪ್ಪ ಬಾಡಿಗೆ ಬೇಡವೆಂದಿದ್ದ. ದಾರಿಯಲ್ಲಿ ನಿಮ್ಮ ನಾಕಾ. ಕಾವಲಿನವನು ಬಿದಿರು ಅಡ್ಡ ಹಾಕಿ ಧಾನ್ಯ ಸಾಗಿಸುವ ಪರವಾನಿಗೆ ಕೇಳಿದ.

“ಉಡಿ ಜೋಳಕ್ಕ ಎಂಥಾ ಪರವಾನಿಗಿರೀ?” ಅಂದ ಓಬಳೆಪ್ಪ.

“ಎಷ್ಟ್ ಐತಿ ಮಾಲು?”

“ಅಳದಿಲ್ರಿ.”

“ಯಾರದು?”

“ಊರಂದ್ರಿ.”

ಆ ಬಡಪಾಯಿ ಪರಮ ಸತ್ಯ ಹೇಳುತ್ತಿದ್ದ. ಕಾವಲಿನವನಿಗೆ ಅದು ಕುಚೋದ್ಯವಾಗಿ ಕೇಳಿಸಿತು. ಆಗ ನೀವು ಜೀಪಿನಿಂದ ಇಳಿದು ಬಂದಿರಿ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ನೀವು ಕನ್ನಡಕ ಸರಿಮಾಡಿಕೊಂಡು, “ಅಳತೆ ಇಲ್ಲ, ಮಾಲೀಕ ಇಲ್ಲ, ಪರ್ಮಿಟ್ ಇಲ್ಲ. ಕಳ್ಳಮಾಲು ಅನ್ನೋಕೆ ಇನ್ನೇನಮ್ಮ ಬೇಕು?” ಅಂದಿರಿ. ಪಂಚನಾಮೆಯಾಯಿತು, ಜೋಳ ಜಪ್ತಿಯಾಯಿತು. ಎತ್ತು, ಚಕ್ಕಡಿಗಳನ್ನು ಮಾತ್ರ ಬಿಟ್ಟಿರಿ, ಅವುಗಳಿಗೆ ಮಾಲೀಕನಿದ್ದನಲ್ಲ! ನಾವು ಬರಿ ಚಕ್ಕಡಿ ಹೊಡೆದುಕೊಂಡು ತಿರುಗುವಾಗ ತಾಡಪಾಲು ಬಿಗಿದ ಲಾರಿಯೊಂದು ಅದೇ ನಾಕಾದಲ್ಲಿ ಹಾರ್ನು ಹೊಡೆಯಿತು, ಬಿದಿರು ತಾನಾಗಿ ಮೇಲೆದ್ದಿತು. ಲಾರಿಯಲ್ಲಿ ಏನಿತ್ತೋ ನಾನು ನೋಡಿಲ್ಲ. ನೀವೂ ನೋಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಾಳಸಂತೆಗೆ ಬಂದ ಜ್ವರಕ್ಕೆ ನಮ್ಮ ಶಿಶುವಿಹಾರಕ್ಕೆ ಬರೆ ಬಿತ್ತು.

ನಿಮ್ಮ ಕಚೇರಿಗೆ ಬಂದಾಗ ನೀವು ಆಡಿದ ಇನ್ನೊಂದು ಮಾತು ಈಗಲೂ ನನ್ನ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿದೆ. “ಮಡಿಲು ತುಂಬೋದು ಅಂದ್ರೆ ಅಕ್ಕಿ ಅಲ್ವೇನಮ್ಮ? ಜೋಳದಲ್ಲಿ ಯಾರಾದ್ರೂ ಮಡಿಲು ತುಂಬ್ತಾರಾ? ಕಥೆ ಕಟ್ಟಬೇಡಿ,” ಅಂದಿರಿ. ಸಾಹೇಬರೇ, ನೀವು ಅಕ್ಕಿ ಉಣ್ಣುವ ಸೀಮೆಯಿಂದ ವರ್ಗವಾಗಿ ಬಂದವರು, ಅದು ತಪ್ಪಲ್ಲ. ಅಕ್ಕಿ ಬೇಕಿದ್ದರೆ ಸಿದ್ದಾಪುರದ ಕಾಲುವೆಯ ಕಡೆ ಹೋಗಿ, ಅಲ್ಲಿ ನಮ್ಮ ಹೆಂಗಸರೇ ನೆಟ್ಟ ಭತ್ತ ಕಾಣುತ್ತದೆ. ನಮ್ಮದು ಮಳೆ ನಂಬಿದ ನೆಲ. ನಾವು ಉಣ್ಣುವುದು ಜೋಳ, ಕೊಡುವುದೂ ಜೋಳ. ನಿಮ್ಮ ತಾಯಿಯ ಮಡಿಲಿಗೆ ಬಿದ್ದದ್ದು ಅಕ್ಕಿಯೆಂದು ನಮ್ಮ ತಾಯಂದಿರ ಉಡಿಯನ್ನು ಸುಳ್ಳೆನ್ನುವ ಅಧಿಕಾರ ನಿಮಗೆ ಯಾವ ಆದೇಶದಲ್ಲಿ ಬಂತು?

ನಂತರ ನಿಮ್ಮ ಗುಮಾಸ್ತರನ್ನು ಊರಿಗೆ ಕಳಿಸಿದಿರಿ. ಯಾರು ಎಷ್ಟು ಕೊಟ್ಟರೆಂದು ಮನೆಮನೆಯಲ್ಲಿ ಹೇಳಿಕೆ ಬರೆಸಿಕೊಂಡು ಬಂದರೆ ಜೋಳ ಬಿಡುತ್ತೇವೆಂದಿರಿ. ಅವರು ಬಿಸಿಲಲ್ಲಿ ಓಣಿಯೆಲ್ಲ ತಿರುಗಿದರು. ಎಲ್ಲ ಬಾಗಿಲಲ್ಲೂ ಒಂದೇ ಉತ್ತರ: ಗೊತ್ತಿಲ್ಲ. ಮೆಹಬೂಬಬೀ ಗುಮಾಸ್ತರಿಗೆ ಕೂರಲು ಮಣೆ ಕೊಟ್ಟು, ನೀರು ಕೊಟ್ಟು, ಆಮೇಲೆ ಕೇಳಿದಳು: “ನಿಮ್ಮವ್ವ ನಿಮಗ ಎಷ್ಟ್ ತುತ್ತು ಉಣ್ಸ್ಯಾಳ, ಲೆಕ್ಕ ಇಟ್ಟೀರೇನ್ರಿ? ಇಟ್ಟಿದ್ರ ಹೇಳ್ರಿ, ನಂದೂ ಬರ್ಸತೀನಿ.” ಗುಮಾಸ್ತರು ನೀರು ಕುಡಿದು ಎದ್ದರು.

ಇಡೀ ಊರಲ್ಲಿ ಒಬ್ಬನೇ ಒಬ್ಬ ಮಹಾನುಭಾವ ಲೆಕ್ಕ ಕೊಟ್ಟ, ನಮ್ಮ ದೊಡ್ಡ ಒಕ್ಕಲು ಹುಚ್ಚೀರಪ್ಪ. ಉಡಿ ಒಡ್ಡಿದ ದಿನ ಆತ ಗಂಗಾವತಿಯಲ್ಲಿದ್ದ. ಕೊಟ್ಟದ್ದು ಆತನ ಹೆಂಡತಿ ಯಂಕವ್ವ. ಆದರೂ ಸರ್ಕಾರಿ ಕಾಗದದಲ್ಲಿ ಹೆಸರು ಬರುತ್ತದೆಂದರೆ ಬಿಡಲಾದೀತೇ? ಮೀಸೆ ತಿರುವಿ, “ನಮ್ಮ ಮನಿಯಿಂದ ಎರಡ್ ಚೀಲ ಬರ್ಕೋರಿ” ಅಂದ. ಒಳಗಿನಿಂದ ಯಂಕವ್ವ, “ಸುಳ್ಳ್ ಹೇಳಬ್ಯಾಡ್ರಿ, ನೀವೇನ್ ನೋಡೀರಿ?” ಅಂತ ಕೂಗಿದರೂ ಕೇಳಲಿಲ್ಲ. ವಾರ ಕಳೆಯುವುದರೊಳಗೆ, ಸರ್ಕಾರಕ್ಕೆ ಅಳೆಯಬೇಕಾದ ಲೆವಿ ಧಾನ್ಯ ಕೊಡದೆ ಎರಡು ಚೀಲ ಬಚ್ಚಿಟ್ಟದ್ದೇಕೆಂದು ನಿಮ್ಮ ನೋಟೀಸು ಆತನ ಬಾಗಿಲಿಗೆ ಬಂತು. ಧೋತರದ ಚುಂಗು ಹಿಡಿದುಕೊಂಡು ನನ್ನಲ್ಲಿಗೆ ಓಡಿ ಬಂದ. “ಅಕ್ಕೋರ, ನಾ ಒಂದ್ ಕಾಳೂ ಕೊಟ್ಟಿಲ್ಲ ಅಂತ ಬರ್ಕೊಡ್ರಿ, ನಿಮ್ಮ ಕಾಲ್ ಬೀಳ್ತೀನಿ,” ಅಂದ. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಯೋಚಿಸಿ ನೋಡಿ. ಗೊತ್ತಿಲ್ಲವೆಂದು ಸತ್ಯ ಹೇಳಿದವರು ನಿಮ್ಮ ಕಡತದಲ್ಲಿ ಸಂಚುಗಾರರು. ಸುಳ್ಳು ಹೇಳಿದವನೊಬ್ಬನೇ ನಂಬಿಕಸ್ಥ ಸಾಕ್ಷಿ, ಅವನಿಗೂ ಕೊನೆಗೆ ಶಿಕ್ಷೆ. ಇಂಥ ನ್ಯಾಯವನ್ನು ಕಟ್ಟೆಯ ಮೇಲೆ ಕೂತ ನಮ್ಮ ಮುದುಕರೂ ಮಾಡಲಾರರು.

ಇಲ್ಲಿಯವರೆಗೆ ನಗಬಹುದು. ಇನ್ನು ಮುಂದಿನದಕ್ಕೆ ನಗು ಬರುವುದಿಲ್ಲ.

ಮುಂಗಾರು ಬಂತು. ಸಜ್ಜೆ, ಶೇಂಗಾದ ಹೊಲಗಳಲ್ಲಿ ಕಳೆ ಎದ್ದಿತು. ಕಳೆ ತೆಗೆಯಲು ಕರೆ ಬಂದ ಮೇಲೆ ತಾಯಂದಿರು ಮನೆಯಲ್ಲಿ ಕೂರಲಾದೀತೇ? ಚಾವಣಿಯಿಲ್ಲದ ಗೋಡೆಗಳ ನಡುವೆ ಕೆಸರು, ಕುಸಿದ ಮೂಲೆ ಯಾವಾಗ ಮತ್ತಷ್ಟು ಬೀಳುತ್ತದೋ ತಿಳಿಯದು. ಕೆಲವು ಮಕ್ಕಳನ್ನು ನಾನು ನನ್ನ ಒಂದೇ ಅಂಕಣದ ಮನೆಯಲ್ಲಿ ಕೂರಿಸಿಕೊಂಡೆ. ಎಲ್ಲವನ್ನೂ ಕೂರಿಸಿಕೊಳ್ಳಲು ಜಾಗವಿರಲಿಲ್ಲ. ಪಕೀರಮ್ಮನ ಎರಡು ವರ್ಷದ ಮಗಳು ಹಂಪವ್ವ ಮನೆಯಲ್ಲೇ ಉಳಿದಳು. ಪಕೀರಮ್ಮ ಗಂಡನಿಲ್ಲದ ಹೆಂಗಸು, ದಿನದ ಕೂಲಿಯಿಂದ ದಿನ ತಳ್ಳುವವಳು. ಮಗುವನ್ನು ಕಣ್ಣು ಕಾಣದ ಅತ್ತೆಯ ಹತ್ತಿರ ಬಿಟ್ಟು ಹೊಲಕ್ಕೆ ಹೋದಳು. ಅಜ್ಜಿಗೆ ಸಪ್ಪಳ ಕೇಳುವಷ್ಟರಲ್ಲಿ ಮಗು ಒಲೆಯ ಕೆಂಡಕ್ಕೆ ಕೈ ಹಾಕಿತ್ತು.

ಬಲಗೈ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಕುಷ್ಟಗಿಯ ಡಾಕ್ಟರು ಔಷಧ ಕಟ್ಟಿದ್ದಾರೆ, ಮುಂದೆ ಹುಬ್ಬಳ್ಳಿಗೆ ಕರೆದೊಯ್ಯಿರಿ ಅಂದಿದ್ದಾರೆ. ಮಗು ಈಗ ಎಡಗೈಯಿಂದ ರೊಟ್ಟಿ ಮುರಿಯಲು ನೋಡುತ್ತದೆ, ಆಗದೆ ನನ್ನ ಮುಖ ನೋಡುತ್ತದೆ. ಆ ನೋಟ ಕಂಡಾಗಲೆಲ್ಲ ನನಗೆ ನಿಮ್ಮ ಮೇಲೆ ಬರುವ ಸಿಟ್ಟನ್ನು ಪತ್ರಿಕೆಯಲ್ಲಿ ಬರೆಯಲು ಬರುವುದಿಲ್ಲ. ನೀವು ಕೆಂಡ ಇಟ್ಟಿರಿ ಎನ್ನುವುದಿಲ್ಲ. ಆ ಮಗು ಆ ದಿನ ನನ್ನ ಕಣ್ಣೆದುರು, ನಮ್ಮ ಚಾವಣಿಯ ಕೆಳಗೆ ಇರಬೇಕಿತ್ತು. ಚಾವಣಿ ನಿಮ್ಮ ಗೋದಾಮಿನಲ್ಲಿತ್ತು. ಇಷ್ಟನ್ನು ಮಾತ್ರ ಹೇಳುತ್ತೇನೆ, ಇದನ್ನು ಸುಳ್ಳೆಂದು ನೀವು ಹೇಳಿ ನೋಡೋಣ.

ಆ ಗೋದಾಮಿನ ಸ್ಥಿತಿಯನ್ನೂ ಓದುಗರು ತಿಳಿಯಲಿ. ನಾಕಾದ ಪಕ್ಕದ ಆ ಕೋಣೆ ಸೋರುತ್ತದೆ. ಜೀಪಿನ ತಲೆಯ ಮೇಲೆ ಹೊಸ ತಗಡು, ಜೋಳದ ತಲೆಯ ಮೇಲೆ ಆಕಾಶ. ನಾಗರಪಂಚಮಿಯ ಹಿಂದಿನ ದಿನ ಕಿಟಕಿಯಲ್ಲಿ ಇಣುಕಿ ನೋಡಿದೆ. ಊರಲ್ಲಿ ಹೆಂಗಸರು ಜೋಳದ ಅಳ್ಳು ಹುರಿಯುತ್ತಿದ್ದರೆ, ಇಲ್ಲಿ ಮೇಲಿನ ಚೀಲಗಳ ಹೊಲಿಗೆಯೊಳಗಿಂದ ಜೋಳ ಮೊಳಕೆಯೊಡೆದು ಹೊರಗೆ ಬಂದಿತ್ತು. ಯಾರದೆಂದು ತಿಳಿಯದ ಮಾಲನ್ನು ಕಾಯುವುದು ನಿಮ್ಮ ಕರ್ತವ್ಯವಂತೆ. ಕೊಳೆಸುವುದೂ ಅದೇ ಕರ್ತವ್ಯದ ಭಾಗವೇ?

ಕಳೆದ ವಾರ ನಿಮ್ಮ ಕೊನೆಯ ಆಜ್ಞೆ ಬಂತು. ಜೋಳದ ಮಾಲೀಕರು ತಾವೇ ಎಂದು ಯಾರಾದರೂ ಸಹಿ ಮಾಡಿದರೆ ಮಾಲು ಬಿಡುತ್ತೇವೆ, ಇಲ್ಲವಾದರೆ ಸೋಮವಾರ ಹರಾಜು, ಹಣ ಸರ್ಕಾರದ ಖಜಾನೆಗೆ. ಕಾಗದ ಕೊಡಲು ಬಂದ ಅದೇ ಗುಮಾಸ್ತರು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದರು: “ಅಕ್ಕೋರ, ನಿಮ್ದ ಅಂತ ಒಂದ್ ಸಹಿ ಒಗದುಬಿಡ್ರಿ. ಯಾರ್ ಕೇಳ್ತಾರ?”

ಸುಳ್ಳೇಕೆ ಹೇಳಲಿ, ನನಗೆ ಆಸೆಯಾಯಿತು. ಒಂದು ಸಹಿಯಿಂದ ಚಾವಣಿ ಬರುತ್ತದೆ, ಮಕ್ಕಳು ಒಳಗೆ ಬರುತ್ತಾರೆ. ಮಂಡಳದ ಹೆಂಗಸರನ್ನು ಕೂಡಿಸಿ ಕೇಳಿದೆ. ಹಾಕಿಬಿಡು ಎಂದು ಕೆಲವರು, ಬೇಡ ಎಂದು ಕೆಲವರು. ಪಕೀರಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗೋಡೆಗೊರಗಿ ಕೂತಿದ್ದಳು. ಎಲ್ಲರಿಗಿಂತ ಮೊದಲು ಸಹಿ ಮಾಡು ಅನ್ನುವವಳು ಅವಳೇ ಎಂದುಕೊಂಡಿದ್ದೆ.

“ಸಹಿ ಮಾಡಬ್ಯಾಡ್ರಿ ಅಕ್ಕೋರ,” ಅಂದಳು. “ನಾನೂ ಹಾಕೀನಿ ಅದರಾಗ. ಎಲ್ಲಾ ನಿಮ್ದ ಅಂತ ಬರದ್ರ, ನಂದೆಲ್ಲಿ ಹೋತು? ನನ್ನ ಮಗಳ ಕೈಯಂತೂ ಹೋತು. ನಾ ಕೊಟ್ಟಿದ್ದೂ ಇಲ್ಲದಂಗ ಮಾಡಬ್ಯಾಡ್ರಿ.”

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ನಿಮ್ಮ ಕಾಗದ ಸಹಿಯಿಲ್ಲದೆ ಹಾಗೆಯೇ ಇದೆ.

ಈಗ ಹೇಳಿ ಸಾಹೇಬರೇ, ನಿಮ್ಮ ಕಾಯಿದೆ ಯಾಕೆ ಯಾವಾಗಲೂ ಒಬ್ಬನನ್ನೇ ಹುಡುಕುತ್ತದೆ? ಒಬ್ಬ ಮಾಲೀಕ, ಒಬ್ಬ ಸಾಹುಕಾರ, ಒಬ್ಬ ಕಳ್ಳ. ಊರೆಂಬುದು ನಿಮ್ಮ ಖಾನೆಯಲ್ಲಿ ಹಿಡಿಸದಿದ್ದರೆ ತಪ್ಪು ಊರಿನದೋ, ಖಾನೆಯದೋ? ತೆರಿಗೆ ವಸೂಲಿಗೆ ಬಂದಾಗ ನಾವೆಲ್ಲ ಸೇರಿ ಒಂದು ಊರು. ಓಟು ಕೇಳಲು ಬಂದವರಿಗೂ ನಾವು ಒಂದು ಊರು. ನಮ್ಮ ಮಕ್ಕಳಿಗೆ ನಾವೇ ಒಂದು ನೆರಳು ಮಾಡಿಕೊಳ್ಳಲು ಹೊರಟಾಗ ಮಾತ್ರ ಊರು ಎಂಬುದೇ ಇಲ್ಲವಾಗುತ್ತದೆ, ಇರುವುದೆಲ್ಲ ಕಳ್ಳಮಾಲಾಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಕೇಳಿ. ಅರ್ಜಿ ಅಲ್ಲ ಇದು, ಅರ್ಜಿಗಳು ನಿಮ್ಮಲ್ಲಿ ಸಾಕಷ್ಟಿವೆ. ಹರಾಜು ನಿಲ್ಲಬೇಕು. ಸೋಮವಾರ ಹೊತ್ತೇರುವ ಮೊದಲು ನಮ್ಮೂರ ಹೆಂಗಸರೆಲ್ಲ ನಡೆದುಕೊಂಡು ನಿಮ್ಮ ಗೋದಾಮಿಗೆ ಬರುತ್ತೇವೆ. ಕಳೆಯ ಕೂಲಿ ಆ ದಿನ ಬಿಟ್ಟಿದ್ದೇವೆ. ದುರಗಮ್ಮ ಕೋಲೂರಿಕೊಂಡು ಬರುತ್ತಾಳೆ, ಮೆಹಬೂಬಬೀ ಬರುತ್ತಾಳೆ, ಯಂಕವ್ವ ಗಂಡನಿಗೆ ಹೇಳಿಯೋ ಹೇಳದೆಯೋ ಬರುತ್ತಾಳೆ. ಪಕೀರಮ್ಮ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಾಳೆ. ಚಕ್ಕಡಿ ತರುವುದಿಲ್ಲ. ನಿಮ್ಮ ನಾಕಾದ ಹಲಗೆಯನ್ನು ನಾನು ಓದಿದ್ದೇನೆ: ಚಕ್ಕಡಿ, ಟ್ರ್ಯಾಕ್ಟರ್, ಲಾರಿ ಮುಂತಾದ ವಾಹನಗಳಲ್ಲಿ ಪರವಾನಿಗೆ ಇಲ್ಲದೆ ಧಾನ್ಯ ಸಾಗಿಸಕೂಡದು. ಉಡಿಯ ಹೆಸರು ಅದರಲ್ಲಿಲ್ಲ. ಕೊಳೆತದ್ದನ್ನು ನಿಮಗೇ ಬಿಟ್ಟು, ಉಳಿದದ್ದನ್ನು ಒಬ್ಬೊಬ್ಬರೂ ಉಡಿಯಲ್ಲಿ ತುಂಬಿಕೊಂಡು ಅಲ್ಲಿಂದಲೇ ತಾವರಗೇರಾದ ಸಂತೆಗೆ ನಡೆಯುತ್ತೇವೆ. ಒಂದು ಸಲಕ್ಕೆ ಮುಗಿಯದಿದ್ದರೆ ಮತ್ತೆ ಬರುತ್ತೇವೆ.

ನಿಮಗೆ ಮಾಲೀಕರು ಬೇಕಿತ್ತಲ್ಲ, ಅವರೇ ಬರುತ್ತಿದ್ದಾರೆ. ಯಾರದೆಂದು ಕೇಳಿ, ಪ್ರತಿಯೊಬ್ಬಳೂ ನನ್ನದು ಅನ್ನುತ್ತಾಳೆ. ಎಷ್ಟೆಂದು ಮಾತ್ರ ಕೇಳಬೇಡಿ. ಬಾಗಿಲು ತೆಗೆದಿಡಿ, ತಕ್ಕಡಿಯನ್ನು ಒಳಗಿಡಿ.

ಇಂತಿ,
ಯಾವ ಖಾನೆಯಲ್ಲೂ ಹಿಡಿಸದ ಊರಿನ,
ಚಾವಣಿಯಿಲ್ಲದ ಶಿಶುವಿಹಾರದ ಅಕ್ಕೋರು
ಹುಲಗೆಮ್ಮ
(ನಿಮ್ಮ ಕಾಗದಕ್ಕೆ ಹಾಕದ ಸಹಿಯನ್ನು ಇಲ್ಲಿ ಹಾಕಿದ್ದೇನೆ)

ಶ್ರಾವಣ, ೧೯೭೪